ಬಿಟ್ಟುಕೊಡದ ಹದಿನಾರು ಆವರ್ತ

ರಾಯದುರ್ಗದಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನ ಮುಂದೆ ಸಿನಿಮಾ ಹಾಡು ಹಾಡುವ ತಂಡ. ಹೀಗಾಗಿ ಬೆಂಗಳೂರಿನಿಂದ ಬರುವ ಆರ್ಕೆಸ್ಟ್ರಾ ಜೊತೆ ತ್ರಿವೇಣಿ ಪಿಟೀಲು ಬಾರಿಸುತ್ತಾಳಂತೆ ಎಂಬ ಸುದ್ದಿ ಬಜಾರಿನಲ್ಲಿ ಹರಡಿದಾಗ, ಅವಳಪ್ಪ ರೇವಣಸಿದ್ದಯ್ಯನವರ ಬಟ್ಟೆ ಅಂಗಡಿಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ.

"ಸ್ವಾಮ್ಯಾರ, ಮಗಳು ತೆಲುಗು ಹಾಡು ಬಾರಸ್ತಾಳೋ, ಕನ್ನಡದ್ದೋ?"

"ಹಾಡಲ್ರಿ ಅದು. ಮೂವತ್ತೆರಡು ಮಂದಿ ಕುಂತು ಬರೇ ಬಾರಸ್ತಾರ. ಹಾಡೋರೇ ಇರಂಗಿಲ್ಲ."

"ಹಾಡೋರಿಲ್ಲದ ಆರ್ಕೆಸ್ಟ್ರಾನ? ಮತ್ತ ಡ್ಯಾನ್ಸರ?"

"ಅದೂ ಇಲ್ರಿ."

"ಹಂಗಾದ್ರ ಮಂದಿ ಯಾಕ ಬರ್ತಾರ್ರೀ?" ಎಂದು ಬೊಮ್ಮನಹಾಳಿನ ಗಿರಾಕಿಯೊಬ್ಬ ಪಂಚೆಯ ಅಂಚು ಉಜ್ಜಿ ನೋಡುತ್ತ ಕೇಳಿದ. ರೇವಣಸಿದ್ದಯ್ಯ ಆ ಪಂಚೆ ಮಡಚಿ ಕಾಗದದಲ್ಲಿ ಸುತ್ತಿ ಕೊಟ್ಟರು. ಆರ್ಕೆಸ್ಟ್ರಾದ ದಿನ ಅಂಗಡಿ ಬೇಗ ಮುಚ್ಚಿ ಮುಂದಿನ ಸಾಲಿನಲ್ಲೇ ಕೂರುವುದೆಂದು ಅವರು ನಿಶ್ಚಯಿಸಿಯಾಗಿತ್ತು. ಹೆಂಡತಿ ಅನ್ನದಾನಮ್ಮ ನೇಮಕಲ್ಲಿನ ಆಂಜನೇಯನಿಗೆ ಹರಕೆಯನ್ನೂ ಹೊತ್ತಿದ್ದರು. ಮಗಳು ಚೆನ್ನಾಗಿ ನುಡಿಸಲಿ ಎಂದಲ್ಲ, ಅಷ್ಟು ಜನರ ಮುಂದೆ ಎದ್ದು ಓಡದೆ ಕೂತಿರಲಿ ಎಂದು.

ಆ ಹರಕೆಗೆ ಕಾರಣವಿತ್ತು. ತ್ರಿವೇಣಿಗೆ ಇಪ್ಪತ್ಮೂರು ತುಂಬಿ, ಬಳ್ಳಾರಿಯಲ್ಲಿ ಡಿಗ್ರಿ ಮುಗಿದಿದ್ದರೂ, ಬಂದವರಿಗೆ 'ಬರ್ರಿ, ಕೂಡ್ರಿ' ಎನ್ನುವಷ್ಟರಲ್ಲಿ ಕಿವಿ ಕೆಂಪಾಗುತ್ತಿತ್ತು. ಚಿಕ್ಕಂದಿನಲ್ಲಿ ಇನ್ನೂ ಕಷ್ಟ. ಸಂಗೀತಕ್ಕೆ ಹಾಕಿದರೆ ಬಾಯಿ ಬಿಟ್ಟೀತು ಎಂದು ಯಾರೋ ಹೇಳಿದ್ದಕ್ಕೆ ಅವಳನ್ನು ಕಲ್ಯಾಣದುರ್ಗದ ಆದಿನಾರಾಯಣ ಮೇಷ್ಟ್ರ ಹತ್ತಿರ ಕರೆದೊಯ್ದಿದ್ದರು. ಮೂರು ಭಾನುವಾರ ಕಾದರೂ ಹುಡುಗಿ 'ಸ' ಎನ್ನಲಿಲ್ಲ. ನಾಲ್ಕನೆಯ ಭಾನುವಾರ ಮೇಷ್ಟ್ರು ಗೋಡೆಗೆ ತೂಗುಹಾಕಿದ್ದ ಹಳೆಯ ಪಿಟೀಲು ತೆಗೆದು ಅವಳ ಮಡಿಲಲ್ಲಿಟ್ಟರು. "ಬಾಯಿ ಬೇಡಮ್ಮಾ. ಇದ್ರಾಗೆ ಹೇಳು," ಎಂದರು. ಅಂದಿನಿಂದ ಅವಳು ಹೇಳಬೇಕಾದದ್ದೆಲ್ಲ ಅದರಲ್ಲೇ.

ಆ ಮೇಷ್ಟ್ರ ಮನೆಯ ಪಡಸಾಲೆಗೇ ಆರು ವರ್ಷದ ಹಿಂದೆ ಇನ್ನೊಂದು ದಿಕ್ಕಿನ ಬಸ್ಸಿನಿಂದ ರಮೇಶ ಬಂದಿಳಿದದ್ದು. ಮಡಕಶಿರಾದ ವಾಲಗದ ಗಂಗರಾಜು ಅವರ ಮಗ. ಆಗ ಹದಿನಾಲ್ಕು. ಬಗಲಲ್ಲಿ ಅವನ ಸೊಂಟಕ್ಕಿಂತ ಉದ್ದದ, ಬಟ್ಟೆ ಸುತ್ತಿದ ನಾದಸ್ವರ. ಅವರ ಮನೆಯವರು ಹೇಮಾವತಿಯ ಸಿದ್ದೇಶ್ವರನ ಪೂಜೆಗೂ ಸುತ್ತಿನ ಹಳ್ಳಿಗಳ ಮದುವೆಗಳಿಗೂ ತಲೆಮಾರುಗಳಿಂದ ಊದುತ್ತ ಬಂದವರು. ಮದುವೆಯಲ್ಲಿ ವಾಲಗ ಯಾರು ಕೇಳುತ್ತಾರೆ? ಇವರು ಊದುತ್ತಿದ್ದರೆ ಜನ ಉಣ್ಣುತ್ತಿರುತ್ತಾರೆ, ಜಗಳಾಡುತ್ತಿರುತ್ತಾರೆ, ಚಪ್ಪಲಿ ಹುಡುಕುತ್ತಿರುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ಮಾತ್ರ "ಊದ್ರಯ್ಯಾ, ಗಟ್ಟಿಮೇಳ!" ಎಂದು ಎಲ್ಲರೂ ಕೂಗುತ್ತಾರೆ.

"ನಮ್ಮ ಕೆಲ್ಸ ಏನ್ ಗೊತ್ತೇನಮ್ಮ?" ಎಂದು ಗಂಗರಾಜು ಒಮ್ಮೆ ಮೇಷ್ಟ್ರ ಮನೆಯಲ್ಲಿ ತ್ರಿವೇಣಿಗೆ ಹೇಳಿದ್ದರು. "ಮೂರ್ತದ ಹೊತ್ನಾಗೆ ಯಾರಾನ ಸೀನಿದ್ರೆ ಅದು ಕೇಳಿಸ್ದಂಗೆ ಮಾಡೋದು. ಅಷ್ಟೇಯ." ನಕ್ಕಿದ್ದರು. ನಗುವಾಗ ಅವರ ಕಣ್ಣು ಮಗನ ಮೇಲಿತ್ತು.

ರಮೇಶ ಊದಿದ್ದನ್ನು ಒಮ್ಮೆ ಕೇಳಿದವರಿಗೆ ಆ ನೋಟ ಅರ್ಥವಾಗುತ್ತಿತ್ತು. ಅವನು ಹಿಂದೋಳ ಎತ್ತಿಕೊಂಡರೆ ಮೇಷ್ಟ್ರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸುತ್ತಿದ್ದರು. ತ್ರಿವೇಣಿ ಅವನಿಗೆ ಪಕ್ಕವಾದ್ಯ ನುಡಿಸುತ್ತಲೇ ನಿಜವಾದ ಪಿಟೀಲು ಕಲಿತಳು. ಪಕ್ಕವಾದ್ಯದವರಿಗೆ ಮೇಷ್ಟ್ರು ಇಟ್ಟಿದ್ದ ನೇಮ ಒಂದೇ. ಮುಂದಿನವನು ಉಸಿರಿಗೆ ನಿಂತರೆ ಆ ಖಾಲಿಯನ್ನು ಪಿಟೀಲು ತುಂಬಬೇಕು. ಅವನು ಮತ್ತೆ ಉಸಿರೆಳೆದದ್ದು ಕಿವಿಗೆ ಬಿತ್ತೋ, ಕೈ ಹಿಂದಕ್ಕೆ. ಎಂಥ ಒಳ್ಳೆಯ ಸಂಚಾರದ ನಡುವಿದ್ದರೂ ಸರಿ.

"ತುಂಬೋದು ಎಲ್ಲಾರಿಗೂ ಬರುತ್ತಮ್ಮಾ. ಬಿಡೋದು ಕಲ್ತ್ಕೊ," ಎನ್ನುತ್ತಿದ್ದರು. ಅವಳು ಎರಡನ್ನೂ ಕಲಿತಿದ್ದಳು. ಖಾಲಿ ಕಂಡಲ್ಲಿ ಕಮಾನು ತಾನೇ ಓಡುವಷ್ಟು, ಉಸಿರು ಕೇಳಿದಲ್ಲಿ ತಾನೇ ನಿಲ್ಲುವಷ್ಟು.

ಬೆಂಗಳೂರಿನ ವಾದ್ಯವೃಂದದವರು ಗಡಿಯ ಊರುಗಳಲ್ಲಿ ಶಾಸ್ತ್ರೀಯ ಸಂಗೀತ ಕಲಿತ ಎಳೆಯರನ್ನು ಹುಡುಕುತ್ತ ಬಂದಾಗ ಮೇಷ್ಟ್ರು ಈ ಇಬ್ಬರನ್ನೂ ಮುಂದೆ ಕೂರಿಸಿದರು. ವೃಂದದ ನಿರ್ದೇಶಕ ಸಿದ್ದರಾಮೇಶ್ ನಲವತ್ತು ದಾಟಿದ, ಚುರುಕು ಕಣ್ಣಿನ ಮನುಷ್ಯ. ಕೇಳಿದ ಕೂಡಲೇ ಇಬ್ಬರೂ ಬೇಕೆಂದರು. ಹಿಂದೋಳದಲ್ಲಿ ಅರ್ಧ ಗಂಟೆಯ ಒಂದು ಹೊಸ ಕೃತಿ ಕಟ್ಟಿದರು. ಅದರ ಮೊದಲ ಭಾಗದಲ್ಲಿ ತ್ರಿವೇಣಿಯ ಪಿಟೀಲು ಮುಂದೆ, ವೃಂದ ಹಿಂದೆ. ಆಮೇಲೆ ಎಲ್ಲ ತಂತಿಗಳೂ ಒಂದೇ ಷಡ್ಜದ ಮೇಲೆ ನಿಂತು, ಸಣ್ಣಗಾಗಿ, ಪೂರ್ತಿ ಮೌನ. ಆ ಮೌನದಲ್ಲಿ ನಾದಸ್ವರವೊಂದೇ. ತಾಳದ ಹದಿನಾರು ಆವರ್ತ, ಅಂದರೆ ಹದಿನಾರು ಸುತ್ತು. ಹೆಚ್ಚೆಂದರೆ ಒಂದೂವರೆ ನಿಮಿಷ. ಅದು ಮುಗಿಯುತ್ತಲೇ ಮೂವತ್ತೆರಡೂ ಜನರ ವಾದ್ಯ ಒಟ್ಟಿಗೆ ಏಳುತ್ತದೆ.

ರಾಯದುರ್ಗದ ಸಂಗೀತ ಕಚೇರಿ ನೋಡಿಕೊಂಡು, ದೀಪಾವಳಿಯಾದ ಮೇಲೆ ಆರು ಊರುಗಳ ಪ್ರವಾಸಕ್ಕೆ ಯಾರನ್ನು ಕರೆದೊಯ್ಯುವುದೆಂದು ತೀರ್ಮಾನಿಸುವುದಾಗಿ ಸಿದ್ದರಾಮೇಶ್ ಮೊದಲೇ ಹೇಳಿದ್ದರು. ರಮೇಶನಿಗೆ ಆರು ಊರುಗಳಿಗಿಂತ ಆ ಮೌನವೇ ದೊಡ್ಡದಾಗಿತ್ತು. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅವನು, "ಅಕ್ಕ, ಅಷ್ಟ್ ದೊಡ್ಡ ಮಂದಿ ನಾನ್ ಊದ್ಲಿ ಅಂತ ಬಾಯಿ ಮುಚ್ಕಂಡು ಕುಂತ್ಕಂಬ್ತಾರಾ? ನಮ್ಮಪ್ಪಂಗೆ ಹೇಳಿದ್ರೆ ನಂಬ್ತಿಲ್ಲ ಕಣಕ್ಕ. ಊಟದ ಹೊತ್ತಾ ಅಂತ ಕೇಳ್ತದೆ," ಎಂದು ನಕ್ಕಿದ್ದ.

ಕಚೇರಿಗೆ ಎರಡು ದಿನ ಮೊದಲು ರಾಯದುರ್ಗದ ಕಲ್ಯಾಣ ಮಂಟಪದಲ್ಲಿ ಅಭ್ಯಾಸ ಶುರುವಾಯಿತು. ತೊಂದರೆ ಕಂಡಿದ್ದು ಅಲ್ಲಿ. ವೃಂದದವರು ಎದುರಿಗೆ ಹಾಳೆ ಇಟ್ಟುಕೊಂಡು, ನಿರ್ದೇಶಕರ ಕೋಲು ನೋಡಿ ನುಡಿಸುವವರು. ತ್ರಿವೇಣಿ ಹೇಗೋ ಹಾಳೆ ಓದಲು ಕಲಿತಿದ್ದಳು. ರಮೇಶನಿಗೆ ಹಾಳೆಯೂ ಬಾರದು, ಕೋಲೂ ತಿಳಿಯದು. ಅವನ ತಾಳವೆಲ್ಲ ಪಕ್ಕದಲ್ಲಿ ಕೂತ ಡೋಲಿನವನ ಕೈಯಲ್ಲಿ. ಡೋಲಿಲ್ಲದ ಆ ಉದ್ದನೆಯ ಷಡ್ಜದಲ್ಲಿ ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯದೆ ಒಮ್ಮೆ ಬೇಗ ಊದಿದ, ಇನ್ನೊಮ್ಮೆ ಊದಲೇ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಬಿಡುವಿನಲ್ಲಿ ಅವನು ತ್ರಿವೇಣಿಯ ಪಕ್ಕ ಬಂದು ಕುಕ್ಕರಿಸಿದ. "ಅಕ್ಕ, ಆವಯ್ಯ ಕೋಲಾಡ್ಸಿದ್ರೆ ನಂಗೆ ಕುರಿ ಅಟ್ದಂಗೆ ಕಾಣ್ತದೆ. ನೀನು ಒಂದ್ ಸಲ ತಲೆ ಆಡ್ಸ್‌ಬಿಡು. ನಮ್ ಡೋಲಿನ ಚಿಕ್ಕಪ್ಪ ಆಡ್ಸಂಗೆ. ಸಾಕು."

ಅವಳು ಆಡಿಸಿದಳು. ಅವನು ಎತ್ತಿಕೊಂಡ. ಮಂಟಪದ ಹಿಂದೆ ಪಾತ್ರೆ ತೊಳೆಯುತ್ತಿದ್ದವರು ಸಹ ಬಂದು ಬಾಗಿಲಲ್ಲಿ ನಿಂತರು. ಕಿಸಕ್ಕೆಂದವರು ಯಾರೋ, ಅವರ ಸದ್ದಿಲ್ಲ. ಸಿದ್ದರಾಮೇಶ್ ಕೋಲು ಕೆಳಗಿಟ್ಟು, "ಸರಿ ತ್ರಿವೇಣಿ, ಆ ಒಂದು ಜಾಗದಲ್ಲಿ ನೀವೇ ನಿರ್ದೇಶಕರು. ಅವರನ್ನ ನಿಮ್ಮ ಕೈಗೆ ಕೊಟ್ಟಿದೀನಿ," ಎಂದರು.

ಆ ಸಂಜೆ ಮನೆಯಲ್ಲಿ ಚಿಕ್ಕಪ್ಪನ ಮಗಳು ಸ್ವಪ್ನಾ ತಾನು ಫೋನಿನಲ್ಲಿ ತೆಗೆದುಕೊಂಡಿದ್ದ ಅಭ್ಯಾಸದ ವಿಡಿಯೋ ತೋರಿಸಿದಳು. ತ್ರಿವೇಣಿ ತಲೆಯಾಡಿಸುವ ಜಾಗಕ್ಕೆ ಬಂದಾಗ ಅದನ್ನೇ ಮೂರು ಸಲ ಹಿಂದಕ್ಕೆಳೆದು ಓಡಿಸಿದಳು.

"ನೋಡ್ರಿ ದೊಡ್ಡವ್ವ, ಕೋಲೆಬಸವ! ಮ್ಯಾಲೊಂದು ಬಣ್ಣದ ಜೂಲು ಹೊದಿಸಿ ಮನಿ ಮನಿ ತಿರುಗಿಸಿದ್ರ ಮೊರದ ತುಂಬ ಜ್ವಾಳ ಬರ್ತಾವ."

ಅನ್ನದಾನಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಹೌದಲ್ಲಬೇ, ಅಷ್ಟ್ಯಾಕ ಆಡಸ್ತಿ ತಲಿ? ನೋಡಾಕ ಬಂದೋರು ಏನಂದಾರು?"

ತ್ರಿವೇಣಿಯೂ ನಕ್ಕಳು. ನಗು ಮುಗಿದ ಮೇಲೂ ಆ ವಿಡಿಯೋ ಅವಳ ಕಣ್ಣೊಳಗೆ ಓಡುತ್ತಲೇ ಇತ್ತು.

ಕಚೇರಿಯ ದಿನ ಮಂಟಪ ತುಂಬಿತ್ತು. ಹಾಡೋರಿಲ್ಲದ ಆರ್ಕೆಸ್ಟ್ರಾ ಹೇಗಿರುತ್ತದೆಂದು ನೋಡಲು ಬಂದವರೇ ಹೆಚ್ಚು. ಮುಂದಿನ ಸಾಲಿನಲ್ಲಿ ಒಂದು ಕಡೆ ರೇವಣಸಿದ್ದಯ್ಯ, ಅನ್ನದಾನಮ್ಮ. ಇನ್ನೊಂದು ಕಡೆ ಹೊಸ ಪಂಚೆಯ ಗಂಗರಾಜು, ಅವರ ಹೆಂಡತಿ ಮೈಲಾರಮ್ಮ, ಮಡಕಶಿರಾ ಕಡೆಯಿಂದ ವ್ಯಾನು ಮಾಡಿಕೊಂಡು ಬಂದ ಹತ್ತು ಹನ್ನೆರಡು ಮಂದಿ ನೆಂಟರು. ಕಚೇರಿಯೊಂದರಲ್ಲಿ ಗಂಗರಾಜು ಕುರ್ಚಿಯ ಮೇಲೆ ಕೂತು ಕೇಳಲು ಬಂದದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡಿದ್ದರು.

ವೇದಿಕೆಯ ಮುಂಭಾಗದಲ್ಲಿ ಎರಡು ಚಿಕ್ಕ ಜಮಖಾನೆ ಹಾಸಿ ಇವರಿಬ್ಬರನ್ನೂ ಒಬ್ಬರಿಗೊಬ್ಬರು ಕಾಣುವಂತೆ ಓರೆಯಾಗಿ ಕೂರಿಸಿದ್ದರು. ಮೊದಲ ಭಾಗ ತ್ರಿವೇಣಿಯದು, ಚೆನ್ನಾಗಿಯೇ ಆಯಿತು. ಅವಳ ಪಾಲು ಮುಗಿಯಿತು. ಚಪ್ಪಾಳೆಯೂ ಬಿತ್ತು. ವೃಂದ ಇಳಿದು ಇಳಿದು ಷಡ್ಜಕ್ಕೆ ಬಂದು ನಿಂತಿತು. ಆ ಒಂದೇ ಸ್ವರ ಹೊಗೆಯ ಹಾಗೆ ತೆಳ್ಳಗಾಗುತ್ತ ಹೋಯಿತು.

ರಮೇಶ ಅವಳನ್ನೇ ನೋಡುತ್ತಿದ್ದ.

ತಲೆಯಾಡಿಸಬೇಕಾದ ಕ್ಷಣಕ್ಕೆ ಅವಳಿಗೆ ಮುಂದಿನ ಸಾಲು ಕಂಡಿತು. ಅಲ್ಲಿ ಸ್ವಪ್ನಾ ಫೋನು ಎತ್ತಿ ಹಿಡಿದಿದ್ದಳು. ತ್ರಿವೇಣಿಗೆ ಕೋಲೆಬಸವ ನೆನಪಾಯಿತು. ಅವಳು ತಲೆಯಾಡಿಸಲಿಲ್ಲ ಎಂದಲ್ಲ. ಗದ್ದವನ್ನು ಒಂದು ಗೋಧಿಯಷ್ಟು ಇಳಿಸಿ, ರೆಪ್ಪೆ ಮುಚ್ಚಿ ತೆರೆದಳು. ಅಷ್ಟು ಸಾಕು ಅಂದುಕೊಂಡಳು. ವೇದಿಕೆಯ ದೀಪಗಳು ಅವನ ಮುಖಕ್ಕೆ ಹೊಡೆಯುತ್ತಿದ್ದವು. ಅವನಿಗೆ ಕಾಣಲಿಲ್ಲ. ಅವನು ಇನ್ನೂ ನೋಡುತ್ತಲೇ ಇದ್ದ.

ಮೌನ ಬಂತು, ಅವನಿಗಾಗಿ ಬರೆದಿದ್ದ ಮೌನ. ಅದರೊಳಗೆ ಯಾರೂ ಇರಲಿಲ್ಲ.

ಖಾಲಿ ಕಂಡ ಕೈ ಕೇಳಲಿಲ್ಲ. ಕಮಾನು ತಾನೇ ತಂತಿಯ ಮೇಲೆ ಹೋಯಿತು. ರಮೇಶ ದಿನವೂ ಎತ್ತಿಕೊಳ್ಳುತ್ತಿದ್ದ ಅದೇ ಮಧ್ಯಮದಿಂದ ಶುರುವಾಗಿ ಒಂದು ಆವರ್ತ ಸುತ್ತಿತು. ಸಿದ್ದರಾಮೇಶ್ ಬೆಚ್ಚಿ ತಿರುಗಿದರು, ಮರುಕ್ಷಣ ಸಮಾಧಾನದಿಂದ ಕಣ್ಣು ಮುಚ್ಚಿದರು. ಅಷ್ಟರಲ್ಲಿ ತ್ರಿವೇಣಿಗೆ ಕೇಳಿಸಿತು. ಎಡಗಡೆಯಿಂದ, ಆರು ವರ್ಷದಿಂದ ಅವಳ ಕಿವಿಗೆ ತನ್ನ ಉಸಿರಿಗಿಂತ ಹೆಚ್ಚು ಪರಿಚಯವಿದ್ದ ಆ ಉಸಿರು. ಓರೆಗಣ್ಣಿಗೆ ನಾದಸ್ವರ ಅವನ ತುಟಿಗೆ ಏರಿದ್ದೂ ಕಂಡಿತು.

ಬಿಡಬೇಕಿತ್ತು.

ಆದರೆ ಆ ಹೊತ್ತಿಗೆ ಕೈಯಡಿಯಲ್ಲಿ ಏನೋ ಬರುತ್ತಿತ್ತು. ಮನೆಯ ಹಿತ್ತಲಲ್ಲಿ, ಮೇಷ್ಟ್ರ ಪಡಸಾಲೆಯಲ್ಲಿ, ಎಷ್ಟು ಕರೆದರೂ ಬಾರದಿದ್ದ ಒಂದು ಧೈವತ ಅಂದು ತಾನಾಗಿ ಬಂದು ಕೂತಿತ್ತು. ಮಂಟಪದಲ್ಲಿ ಒಂದು ಮಗುವೂ ಅಳುತ್ತಿರಲಿಲ್ಲ. ಹುಟ್ಟಿದಂದಿನಿಂದ ಯಾರೂ ಅವಳ ಮಾತಿಗೆ ಹೀಗೆ ಕಿವಿಗೊಟ್ಟಿರಲಿಲ್ಲ. ಇನ್ನೊಂದು ಆವರ್ತ, ಆಮೇಲೆ ಬಿಡುತ್ತೇನೆ ಅಂದುಕೊಂಡಳು. ಆ ಇನ್ನೊಂದು ಮುಗಿದಾಗಲೂ ಅದನ್ನೇ ಅಂದುಕೊಂಡಳು. ರಮೇಶನ ನಾದಸ್ವರ ಸ್ವಲ್ಪ ಹೊತ್ತು ತುಟಿಯಲ್ಲೇ ಇತ್ತು. ಆಮೇಲೆ ಮೆಲ್ಲಗೆ ತೊಡೆಯ ಮೇಲೆ ಇಳಿಯಿತು. ಅದು ಇಳಿದದ್ದನ್ನೂ ಅವಳು ನೋಡಿದಳು.

ಹದಿನಾರು ಮುಗಿದವು. ಮೂವತ್ತೆರಡು ಜನರ ವಾದ್ಯ ಒಟ್ಟಿಗೆ ಎದ್ದಿತು. ಕೊನೆಯ ಭಾಗದಲ್ಲಿ ರಮೇಶ ಎಲ್ಲರ ಜೊತೆ ಊದಿದ. ಅಷ್ಟು ಸದ್ದಿನಲ್ಲಿ ಅವನದು ಯಾವುದೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೊಮ್ಮನಹಾಳಿನ ಗಿರಾಕಿ ಶಿಳ್ಳೆಯನ್ನೇ ಹೊಡೆದ. ಪರದೆಯ ಹಿಂದೆ ಸಿದ್ದರಾಮೇಶ್ ಅವಳ ಎರಡೂ ಕೈ ಹಿಡಿದುಕೊಂಡು, "ಉಳಿಸಿದ್ರಿ ತ್ರಿವೇಣಿ! ಅವರು ಖಾಲಿ ಬಿಟ್ಟಾಗ ನನ್ನ ಎದೆ ನಿಂತೇಹೋಗಿತ್ತು," ಎಂದರು. ಅಷ್ಟರಲ್ಲಿ ಗಂಗರಾಜು ಮೆಟ್ಟಿಲು ಹತ್ತಿ ಬಂದರು. ನಿರ್ದೇಶಕರ ಎದುರು ನಿಂತು ಕೈ ಮುಗಿದರು.

"ಹುಡ್ಗ ಹೆದರ್ಕಂಬುಟ್ಟ ಸ್ವಾಮಿ. ಇಷ್ಟ್ ಮಂದೀನ ಕಂಡಿರ್ಲಿಲ್ಲ. ತಪ್ಪಾಯ್ತು, ಮನ್ಸಿಗೆ ಹಾಕ್ಕಂಬೇಡ್ರಿ."

"ಅಯ್ಯೋ ಯಜಮಾನರೆ, ಮೊದಲ ಸಲ ಎಲ್ಲರಿಗೂ ಆಗತ್ತೆ," ಎಂದು ಸಿದ್ದರಾಮೇಶ್ ಅವರ ಭುಜ ಮುಟ್ಟಿದರು.

ಎರಡು ಮಾರು ದೂರದಲ್ಲಿ ತ್ರಿವೇಣಿ ಪಿಟೀಲಿನ ಪೆಟ್ಟಿಗೆ ಅಪ್ಪಿಕೊಂಡು ನಿಂತಿದ್ದಳು. ಹೇಳಬೇಕಾದದ್ದು ಒಂದು ಸಾಲು. 'ಅವನು ಎತ್ತಿಕೊಂಡಿದ್ದ, ನಾನೇ ಬಿಡಲಿಲ್ಲ.' ರಮೇಶ ಅವಳ ಕಡೆ ನೋಡದೆ ನಾದಸ್ವರಕ್ಕೆ ಬಟ್ಟೆ ಸುತ್ತಿದ. "ನಂದೇ ತಪ್ಪು. ಬತ್ತೀನಕ್ಕ," ಎಂದು ವ್ಯಾನಿನ ಕಡೆ ನಡೆದ. ಆಗಲೂ ಅವಳು ಬಾಯಿ ಬಿಡಲಿಲ್ಲ. ನಾಚಿಕೆಯ ಹುಡುಗಿ, ಹೊಗಳಿಕೆಗೆ ಕಂಗಾಲಾಗಿದ್ದಾಳೆ ಎಂದು ಎಲ್ಲರೂ ತಿಳಿದರು.

ಮುಂದಿನ ಭಾನುವಾರ ಮೇಷ್ಟ್ರ ಮನೆಗೆ ರಮೇಶ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೇಷ್ಟ್ರು ಶ್ರುತಿಪೆಟ್ಟಿಗೆ ಹಾಕಿ, ಹಾಗೆಯೇ ಆರಿಸಿದರು.

"ಕಚೇರಿ ವಿಡಿಯೋ ನಾನೂ ನೋಡ್ದೆ. ಚೆನ್ನಾಗಿತ್ತು ನಿಂದು," ಎಂದರು. ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: "ಎರಡನೇ ಆವರ್ತದಾಗೆ ಅವನ ಉಸಿರು ಕೇಳಿಸ್ಲಿಲ್ವಾಮ್ಮಾ ನಿಂಗೆ?"

ಅವಳು ನೆಲ ನೋಡಿದಳು. "ಕೇಳಿಸ್ತು ಸರ್."

ಮೇಷ್ಟ್ರು ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಎದ್ದು ಒಳಗೆ ಹೋಗಿ ಅವಳಿಗೂ ತಮಗೂ ಮಜ್ಜಿಗೆ ತಂದರು. ಪಾಠ ಅಂದಿಗೆ ಅಷ್ಟೇ.

ಮಂಗಳವಾರ ಪ್ರವಾಸದ ಪಟ್ಟಿ ಬಂತು. ಅವಳ ಹೆಸರಿತ್ತು, ಅವನದಿರಲಿಲ್ಲ. ಬುಧವಾರ ಬೆಳಿಗ್ಗೆ ಅವಳು ಹೇಳಬೇಕಾದದ್ದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಅಟ್ಟದ ಮೇಲಿನ ಬಟ್ಟೆಯ ಗಂಟುಗಳ ನಡುವೆ ಕೂತು ಸಿದ್ದರಾಮೇಶರಿಗೆ ಫೋನು ಮಾಡಿದಳು. ಬರೆದದ್ದನ್ನು ಓದಿದಂತೆಯೇ ಒಪ್ಪಿಸಿದಳು. ತಲೆಯಾಡಿಸಿದ್ದು ಸಾಲದಾದದ್ದು, ಉಸಿರು ಕೇಳಿದ್ದು, ಬಿಡದೆ ಹೋದದ್ದು, ಎಲ್ಲ.

"ನಿಜ ಹೇಳ್ತಿದೀರ ಅಂತ ನಂಬ್ತೀನಿ," ಎಂದರು ಸಿದ್ದರಾಮೇಶ್. "ಕಚೇರಿಯಾದ ರಾತ್ರಿನೇ ಹೇಳಿದ್ರೆ ಬೇರೆ ಮಾತಾಗ್ತಿತ್ತು. ಈಗ ಏನಾಗಿದೆ ಅಂದ್ರೆ, ಕಚೇರಿ ವಿಡಿಯೋ ಕೇಳಿ ನೀವು ನುಡಿಸಿದ್ದನ್ನ ಸ್ವರ ಸ್ವರ ಬರೆಸಿಬಿಟ್ಟಿದೀನಿ. ಹದಿನಾರು ಆವರ್ತನೂ. ಆ ಜಾಗ ಇನ್ನು ಪಿಟೀಲಿಂದು. ಹಾಳೆ ಎಲ್ಲರ ಕೈಗೂ ಹೋಗಿದೆ."

"ಸರ್, ಅದು ಅವನದು."

"ನುಡಿಸಿದ್ದು ನೀವಲ್ವಾ?" ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಅವಳಿಗೆ ಹೆಚ್ಚು ನೋಯಿತು.

ಶುಕ್ರವಾರ ಅವಳು ಮನೆಯಲ್ಲಿ ಕಲ್ಯಾಣದುರ್ಗಕ್ಕೆಂದು ಹೇಳಿ ಹೊರಟು, ಅಲ್ಲಿ ಬಸ್ಸು ಬದಲಿಸಿ ಮಡಕಶಿರಾದಲ್ಲಿ ಇಳಿದಳು. ಕೋಟೆ ಬೆಟ್ಟದ ಕೆಳಗಿನ ಓಣಿಯಲ್ಲಿ ವಾಲಗದವರ ಮನೆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ರಮೇಶ ಜಗುಲಿಯ ಮೇಲೆ ಕೂತು ನಾದಸ್ವರದ ಬಾಯಿಗೆ ಸಿಕ್ಕಿಸುವ ಪೀಪಿಗಳನ್ನು ಬಿಸಿಲಿಗೆ ಹರವಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

"ಅಕ್ಕ! ಒಬ್ಳೇ ಬಂದ್ಯಾ? ಫೋನ್ ಮಾಡಿದ್ರೆ ಬಸ್‌ಸ್ಟ್ಯಾಂಡಿಗೆ ಬತ್ತಿದ್ನಲ್ಲ."

ಕೂರುವ ಮುಂಚೆಯೇ ಅವಳು ಹೇಳಿಬಿಟ್ಟಳು. ಈ ಸಲ ಹಾಳೆ ಇರಲಿಲ್ಲ. "ರಮೇಶ, ನೀ ಹೆದರಲಿಲ್ಲ. ನಿನ್ನ ಉಸಿರು ನನಗ ಕೇಳಿಸಿತ್ತು. ಕೇಳಿಸಿದ ಮ್ಯಾಲೂ ನಾ ಬಿಡಲಿಲ್ಲ."

ಅವನು ಒಂದು ಪೀಪಿ ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಗೊತ್ತಕ್ಕ."

"ಗೊತ್ತಾ?"

"ಎರಡನೇದ್ರಾಗೇ ಎತ್ಕಂಡಿದ್ದೆ. ನಾಕ್ನೇದ್ರಾಗೆ ಬಿಡ್ತೀಯ ಅನ್ಕಂಡೆ. ಎಂಟಾಯ್ತು. ಆಮ್ಯಾಕೆ ಸುಮ್ಕೆ ಕೇಳಿದ್ನಪ್ಪ. ಚೆಂದಾಗಿತ್ತು ಕಣಕ್ಕ, ಸುಳ್ಯಾಕೆ ಹೇಳ್ಲಿ."

"ನೀ ಊದಬೇಕಿತ್ತು. ಯಾಕ ಊದಲಿಲ್ಲ?"

"ಎಂಗೆ ಊದೋದು?" ಎಂದು ಅವನು ಮೊದಲ ಬಾರಿ ಅವಳ ಮುಖ ನೋಡಿದ. "ನಂದು ವಾಲಗ. ಒಂದೇ ಉಸ್ರಿಗೆ ನಿನ್ ಪಿಟೀಲು ಮುಳುಗೋಗ್ತಿತ್ತು. ಎಲ್ರೂ ನಿನ್ ಕಡೆ ನೋಡೋರು, ಯಾಕೆ ನಿಂತ್ಳು ಅಂತ. ನಿಮ್ಮಪ್ಪಾರು ಮುಂದೇನೆ ಕುಂತಿದ್ರು. ನಿಮ್ಮೂರು ಬೇರೆ."

ಅವಳು ಜಗುಲಿಯ ತುದಿಯಲ್ಲಿ ಕೂತಳು. ಹದಿನಾರು ಆವರ್ತವೂ ತಾನೊಬ್ಬಳೇ ಹಿಡಿದಿಟ್ಟುಕೊಂಡೆ ಅಂದುಕೊಂಡಿದ್ದಳು. ಅದರಲ್ಲಿ ಎಷ್ಟೋ ಅವನು ಬಿಟ್ಟುಕೊಟ್ಟದ್ದು ಎಂದು ಈಗ ತಿಳಿಯಿತು.

"ನಾ ಹೋಗಂಗಿಲ್ಲ ಪ್ರವಾಸಕ್ಕ."

"ನೀ ಹೋಗ್ದಿದ್ರೆ ನನ್ನ ಕರೀತಾರಾ? ಇಲ್ಲ. ಮತ್ಯಾಕೆ?" ಅವನು ಪೀಪಿಯ ತುದಿಯನ್ನು ಉಗುರಿನಿಂದ ಕೆರೆದ. "ಒಂದು ಕೇಳ್ತೀನಿ, ಅದ್ ಮಾಡಕ್ಕ. ನಮ್ಮಪ್ಪಂಗೆ ಮಾತ್ರ ಇದ್ನ ಹೇಳ್ಬ್ಯಾಡ."

"ನಿನ್ನ ತಪ್ಪಿಲ್ಲಂತ ಅವರಿಗೆ ಗೊತ್ತಾಗಬೇಕಲ್ಲ. ಅದಕ್ಕ ಬಂದೀನಿ ನಾನು."

"ಮಗ ಹೆದರ್ಕಂಡ ಅಂದ್ಕಂಡೈತೆ ನಮ್ಮಪ್ಪ. ಹೆದರ್ಕೆ ಒಂದಿನ ಹೋಗ್ತದೆ ಅಂತ ನನ್ನ ಕರ್ಕಂಡು ದಿನಾ ಹೇಮಾವತಿಗೆ ಹೋಗಿ ಮಂದಿ ಮುಂದೆ ಊದುಸ್ತೈತೆ. ಹುಟ್ಟಿದಾಗಿಂದ ಬೈದಿದ್ದೇ ಹೆಚ್ಚು, ಈಗ ಒಂದ್ ಮಾತೂ ಬಯ್ಯಲ್ಲ. ಇನ್ನೊಬ್ರು ಕಿತ್ಕಂಡ್ರು ಅಂತ ಗೊತ್ತಾದ್ರೆ..." ಅವನು ತಲೆ ಕೊಡವಿದ. "ನಮ್ಮೋರಿಗೆ ಯಾವತ್ತೂ ಹಿಂಗೇಯ ಅಂತ ಪೆಟ್ಟಿಗೆ ಮುಚ್ಚಿಬಿಡ್ತದೆ. ನನ್ ಕೈಲೂ ಮುಚ್ಚುಸ್ತದೆ. ಬ್ಯಾಡಕ್ಕ. ನಾನ್ ಹೆದರ್ಕಂಡೆ ಅಂತಾನೇ ಇರ್ಲಿ."

ಅವಳು ಇಲ್ಲಿಯವರೆಗೆ ಹೊತ್ತು ತಂದದ್ದನ್ನು ಇಳಿಸಲು ಜಾಗವಿರಲಿಲ್ಲ. "ಆಯ್ತು" ಎಂದಳು.

ಒಳಗಿನಿಂದ ಮೈಲಾರಮ್ಮ ಕೈ ಒರೆಸಿಕೊಳ್ಳುತ್ತ ಬಂದರು. ಯಾರೆಂದು ಗುರುತು ಸಿಕ್ಕಿದ್ದೇ ಅವಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದರು. "ನನ್ ತಾಯೇ! ಅವತ್ತು ನೀನೊಬ್ಳು ಇಲ್ದಿದ್ರೆ ನಮ್ ಹುಡ್ಗನ ಮಾನ ಅಲ್ಲೇ ಹೋಗ್ತಿತ್ತು. ನಿನ್ ಕೈ ತಣ್ಣಗಿರ್ಲಿ." ಆಮೇಲೆ ಸ್ವಲ್ಪ ಹಿಂಜರಿದರು. "ನೀವು ಅಯ್ನೋರು. ನಮ್ಮನೇಲಿ ಉಂಬ್ತೀಯೇನಮ್ಮ? ಉಳ್ಳಿಕಾಳು ಸಾರು, ಮುದ್ದೆ. ಬೇರೇನೂ ಮಾಡಿಲ್ಲ."

"ಉಣ್ತೀನ್ರಿ," ಎಂದಳು ತ್ರಿವೇಣಿ.

ಉಣ್ಣುವ ಹೊತ್ತಿಗೆ ಗಂಗರಾಜು ಬಂದರು. ಅವಳನ್ನು ಕಂಡು ಸಂತೋಷಪಟ್ಟು, ಕೈಕಾಲು ತೊಳೆದು ಎದುರಿಗೆ ಕೂತರು. ಪ್ರವಾಸದ ಪಟ್ಟಿಯ ಸುದ್ದಿ ಅವರಿಗೆ ತಿಳಿದಿತ್ತು. "ಹೋಗಿ ಬಾರಮ್ಮ, ನಮ್ ಕಡೆ ಹೆಸ್ರು ಹೇಳ್ಕಂಡು ಬಾ," ಎಂದರು. ಎರಡು ತುತ್ತು ಉಂಡು ಕೈ ನಿಲ್ಲಿಸಿದರು. ಐವತ್ತು ವರ್ಷ ವಾಲಗ ಊದಿದ ಮನುಷ್ಯ, ಇಪ್ಪತ್ಮೂರರ ಹುಡುಗಿಯ ಮುಂದೆ ಶಿಷ್ಯನಂತೆ ಕೇಳಿದರು:

"ನೀನು ಪಕ್ಕದಾಗೇ ಇದ್ದೋಳು. ಓದ್ದೋಳು ಬ್ಯಾರೆ. ಮುಚ್ಚುಮರೆ ಬ್ಯಾಡ, ಹೇಳು. ಇವನು ಅಲ್ಲಿ ಎಲ್ಲಿ ತಪ್ಪಿದ? ಗೊತ್ತಾದ್ರೆ ತಿದ್ಕಂಬ್ತಾನೆ."

ರಮೇಶ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವನ ಬೆರಳುಗಳು ಮುದ್ದೆಯ ಮೇಲೆ ಹಾಗೆಯೇ ನಿಂತಿದ್ದವು.

"ಎಲ್ಲೂ ತಪ್ಪಿಲ್ರಿ," ಎಂದಳು ತ್ರಿವೇಣಿ. ದನಿ ಸಣ್ಣದಿದ್ದರೂ ನಡುಗಲಿಲ್ಲ. "ಅವನು ಎಲ್ಲೂ ತಪ್ಪಿಲ್ಲ."

ಗಂಗರಾಜು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ನಕ್ಕರು. "ಕೇಳ್ದೇನೆ? ಎಂಥಾ ಮನ್ಸು ನೋಡು ಈ ಮಗೀಂದು. ಅವನ ಮನ್ಸಿಗೆ ನೋವಾಗ್ಬಾರ್ದು ಅಂತ ತಪ್ಪೇ ಇಲ್ಲ ಅಂತಾಳೆ."

"ದೊಡ್ಡ ಮನ್ಸು ಇರೋದ್ಕೇ ದೇವ್ರು ಆ ಕೈ ಕೊಟ್ಟಿರೋದು," ಎಂದ ಮೈಲಾರಮ್ಮ, 'ಬ್ಯಾಡ್ರಿ' ಎನ್ನಲೂ ಬಿಡದೆ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು, ಅದರ ಮೇಲೆ ತುಪ್ಪ. ತ್ರಿವೇಣಿ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದಳು. ಅವರು ನೋಡುತ್ತಿದ್ದರು. ತಟ್ಟೆ ಬರಿದಾಗುವವರೆಗೂ ಉಂಡಳು.